ಮಧ್ಯಾಹ್ನ ಮಲಗಿದವರ ಚಿತ್ರ ಬರೆದ ಅಕ್ಕೋರು

ಇಪ್ಪತ್ತೆರಡು ವರ್ಷದ ಶಾಲೆಯ ನೌಕರಿಯಲ್ಲಿ ಪಂಚಶೀಲಾ ಅಕ್ಕೋರಿಗೆ ಒಂದೂ ಬೇಸಿಗೆ ರಜೆ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಒಂದು ವರ್ಷ ಚುನಾವಣೆ, ಒಂದು ವರ್ಷ ಸಮೀಕ್ಷೆ, ಮರುವರ್ಷ ಆ ಸಮೀಕ್ಷೆಯಲ್ಲಿ ಬಿಟ್ಟುಹೋದವರ ಸಮೀಕ್ಷೆ. ಹೋದ ಏಪ್ರಿಲ್‌ನಲ್ಲಿ ಡ್ಯೂಟಿ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಮೂರು ಸಲ ಓದಿದರು. ಯಾರಿಗೂ ಹೇಳಲಿಲ್ಲ. ಫೋನ್ ಬಂದ್ ಮಾಡಿ, ತಮ್ಮೂರು ದೋರನಹಳ್ಳಿಯಿಂದ ಸಿಕ್ಕ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋಗಿ, ಹನ್ನೆರಡು ಬಣ್ಣದ ಒಂದು ಡಬ್ಬಿ, ಮೂರು ಬ್ರಷ್, ದಪ್ಪ ಹಾಳೆಯ ಪುಸ್ತಕ ಕೊಂಡು, ಕದ್ದ ಮಾಲಿನಂತೆ ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಂದರು.

ಚಿಕ್ಕಂದಿನಲ್ಲಿ ಅವರ ಕೈ ಚೆನ್ನಾಗಿತ್ತು. ನೌಕರಿ ಸೇರಿದ ಮೇಲೆ ಆ ಕೈಗೆ ಕರಿಹಲಗೆಯೇ ಗತಿಯಾಯಿತು. ಸಾವಿರ ದಾಸವಾಳ ಬರೆದಿದ್ದರು, ಎಲ್ಲವನ್ನೂ ಉದ್ದಕ್ಕೆ ಸೀಳಿ. ಜೀರ್ಣಾಂಗವನ್ನಂತೂ ಕಣ್ಣು ಮುಚ್ಚಿ ಬರೆಯುತ್ತಿದ್ದರು.

ಗಂಡ ಅಂಬ್ರಪ್ಪ ಊರಿನ ನಲ್ಲಿಗಳಿಗೆ ನೀರು ಬಿಡುವ ಮನುಷ್ಯ. ಹೆಂಡತಿ ಅಂಗಳದಲ್ಲಿ ಹಾಳೆ ನೆನೆಸುತ್ತ ಕುಳಿತದ್ದನ್ನು ನೋಡಿ ಹೇಳಿದ:

"ನಾ ಇಡೀ ಊರಿಗೆ ನೀರ್ ಬಿಡ್ತೀನಿ, ಒಬ್ಬರರ ಛಲೋ ಅಂದಾರೇನ? ನೀ ಒಂದು ಹಾಳಿಗೆ ನೀರ್ ಬಿಡಾಕತ್ತಿ. ನೋಡ್ತಿರು, ಊರೆಲ್ಲ ನೋಡಾಕ ಬರ್ತದ."

ಮೊದಲು ಬರೆಯಲು ಹೊರಟದ್ದು ಶಹಾಪುರದ ಬೆಟ್ಟವನ್ನು. ಬುದ್ಧ ಅಂಗಾತ ಮಲಗಿದಂತೆ ಕಾಣುವ ಬೆಟ್ಟ ಅದು. ಅಕ್ಕೋರದೂ ಬುದ್ಧನನ್ನು ನಂಬಿದ ಮನೆತನ. ಹತ್ತು ಗಂಟೆಯ ಬಿಸಿಲಿಗೆ ಬ್ರಷ್ಷಿನ ನೀರು ಹಾಳೆ ಮುಟ್ಟುವ ಮೊದಲೇ ಆರಿಹೋಗುತ್ತಿತ್ತು. ಹಾಗಾಗಿ ಬೆಳಗಿನ ಆರಕ್ಕೇ ಹೋಗಿ, ರಸ್ತೆ ಬದಿಯ ನಯೀಮನ ಚಹಾದಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರತೊಡಗಿದರು. ಅಲ್ಲಿ ಬಿಸಿಲಿಗಿಂತ ದೊಡ್ಡ ಕಾಟ ಜನರದು. ಆ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಬುದ್ಧನ ಮೂಗಿನ ವಿಷಯದಲ್ಲಿ ಪಂಡಿತ.

"ಆಪಾ, ಮೂಗು ಭಾಳ ಚೂಪ್ ಆಗ್ಯಾದ್ರಿ," ಎಂದ ನಯೀಮ, ಚಹಾ ಸೋಸುತ್ತ.

"ಗದ್ದ ಜರಾ ಮ್ಯಾಲ ತಗೋರಿ," ಎಂದ ವಾಕಿಂಗ್ ಮುಗಿಸಿ ಬಂದವನೊಬ್ಬ. ಅವನಿಗೇ ಗದ್ದವಿರಲಿಲ್ಲ.

ಹತ್ತೊಂಬತ್ತು ಬುದ್ಧರಾದರು. ಒಬ್ಬ ಎಮ್ಮೆಯಂತಿದ್ದ, ಒಬ್ಬ ಮೆಕ್ಕೆಜೋಳದ ರಾಶಿಯಂತಿದ್ದ. ಇಪ್ಪತ್ತನೆಯದನ್ನು ಅಂಬ್ರಪ್ಪ ಕೈಯಲ್ಲಿ ಹಿಡಿದು ದೂರ ಮಾಡಿ, ಹತ್ತಿರ ಮಾಡಿ ನೋಡಿದ.

"ಇದು ಬುದ್ಧ ಅಲ್ಲ ಬಿಡು. ಮದಿವ್ಯಾಗ ಮೂರು ಸಲ ಹುಗ್ಗಿ ಹಾಕ್ಸ್ಕೊಂಡು ನಮ್ಮ ಕಾಕಾ ಮಲಗ್ದಂಗ ಅದ."

ಅಕ್ಕೋರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹೌದು, ಥೇಟ್ ಕಾಕಾನೇ. ಬೆಟ್ಟ ಬಾರದ ಕೈಗೆ ಕಾಕಾ ಬರುತ್ತಾನೆಂದರೆ ಕಾಕಾನಂಥವರನ್ನೇ ಬರೆದರಾಯಿತು ಎಂದುಕೊಂಡರು. ಮೇ ತಿಂಗಳ ಮಧ್ಯಾಹ್ನ ಈ ಸೀಮೆಯಲ್ಲಿ ಮಲಗಿದವರಿಗೇನು ಬರ? ಅಲುಗಾಡುವುದಿಲ್ಲ, ಮೂಗಿನ ಬಗ್ಗೆ ಮಾತಾಡುವುದಿಲ್ಲ.

ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಷಿನ್ನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮೂರು ಕುರ್ಚಿಗಳ ಮೇಲೆ ಮಲಗಿದ್ದ ಕಂಡಕ್ಟರ್ ಸಿಕ್ಕ. ಯಾದಗಿರಿಯಲ್ಲಿ ಎಟಿಎಂನ ತಂಪಿಗೆ ಗೋಡೆಗಾನಿ ನಿಂತೇ ನಿದ್ದೆ ಹೋಗಿದ್ದ ಕಾವಲುಗಾರ ಸಿಕ್ಕ. ತಿಂಥಣಿಯ ಹೊಳೆದಂಡೆಯಲ್ಲಿ ಬೋರಲು ಹಾಕಿದ ತೆಪ್ಪದ ನೆರಳಲ್ಲಿ, ಬಲೆಯನ್ನೇ ತಲೆದಿಂಬು ಮಾಡಿಕೊಂಡ ಮೀನುಗಾರ ಸಿಕ್ಕ. ಹಾಳೆಯ ಕೆಳಗೆ ಒದ್ದೆ ಟವೆಲ್ ಹಾಸಿದರೆ ಬಣ್ಣ ಸ್ವಲ್ಪ ಹೊತ್ತು ಹಸಿಯಾಗಿರುತ್ತದೆಂದು ಕಲಿತರು. ನೆರಳು ಕಪ್ಪಲ್ಲ, ನೇರಳೆ ಬೆರೆತ ನೀಲಿ ಎಂಬುದು ನಲವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು. ಮನೆಗೆ ಬರುವಾಗ ಮುಖ ಸುಟ್ಟ ಬದನೆಕಾಯಿಯಂತಾಗಿರುತ್ತಿತ್ತು, ಬಾಯಲ್ಲಿ ಮಾತ್ರ ಹಾಡು.

ಎಡವಟ್ಟಾದದ್ದು ಬಸವಂತ್ರಾಯನಿಂದ. ಆತ ಒಂದು ಕಚೇರಿಯ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದು ಬೇಡ, ಎಲ್ಲರೂ ತಮ್ಮದೇ ಅಂದುಕೊಳ್ಳಲಿ. ಯಾವುದೋ ಕಾಗದಕ್ಕೆಂದು ಹೋಗಿದ್ದ ಅಕ್ಕೋರು ಮೂರು ಗಂಟೆಗೆ ಫೈಲುಗಳ ಮೇಲೆ ಕೆನ್ನೆಯಿಟ್ಟು ಮಲಗಿದ್ದ ಆತನನ್ನು ಕಂಡು, ಬಂದ ಕೆಲಸ ಮರೆತು ಪುಸ್ತಕ ತೆರೆದರು. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಅಂಬ್ರಪ್ಪ ಅದನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟ. ಮರುದಿನವೇ ಬಸವಂತ್ರಾಯ ಸ್ಕೂಟರ್ ಏರಿ ಮನೆಗೆ ಬಂದ.

"ಅಕ್ಕೋರ, ನಾ ಮಲಗಿದ್ದಿಲ್ಲ. ವಿಚಾರ ಮಾಡಾಕತ್ತಿದ್ದೆ."

"ಹೌದ್ರಿ ಸರ, ನಾನೂ ವಿಚಾರ ಮಾಡೋದೇ ತಗದೀನಿ," ಎಂದರು ಅಕ್ಕೋರು.

"ಮತ್ತ ಬಾಯಿ ಯಾಕ ತೆರದದ?"

"ವಿಚಾರ ದೊಡ್ಡದಿತ್ತೇನೋರಿ."

ಬಸವಂತ್ರಾಯ ದನಿ ತಗ್ಗಿಸಿದ. "ಅದು ಹೋಗ್ಲಿ ಬಿಡ್ರಿ. ಎಡಗಡಿ ಮೀಸಿ ಸಣ್ಣ ಆಗ್ಯಾದ. ಮನ್ಯಾಗ ಎಲ್ಲಾರೂ ನಗಾಕತ್ತಾರ."

ಬೇರೆ ಚಿತ್ರ ಬರೆದುಕೊಡುವುದೆಂದು ಮಾತಾಯಿತು, ಈ ಸಲ ಎಚ್ಚರವಾಗಿರುವ ಬಸವಂತ್ರಾಯನದು. ಆತ ಕುರ್ಚಿಯಲ್ಲಿ ಎದೆ ಸೆಟೆಸಿ, ಮೀಸೆ ತೀಡಿ ಕುಳಿತ. ಫ್ಯಾನ್ ತಿರುಗುತ್ತಿತ್ತು. ಹತ್ತು ನಿಮಿಷಕ್ಕೆ ಕುತ್ತಿಗೆ ವಾಲಿತು, ಹನ್ನೆರಡಕ್ಕೆ ಗೊರಕೆ. ಅಕ್ಕೋರು ಇದ್ದದ್ದನ್ನು ಇದ್ದ ಹಾಗೆ ಬರೆದು ಮುಗಿಸಿದರು. ಎದ್ದವನು ಚಿತ್ರ ನೋಡಿ, ಎರಡೂ ಕಡೆಯ ಮೀಸೆಯನ್ನು ಬೆರಳಿನಿಂದ ಅಳೆದ.

"ಈಗ ಬರೋಬ್ಬರಿ ಬಂದದ ನೋಡ್ರಿ," ಎಂದು ಸುರುಳಿ ಸುತ್ತಿಕೊಂಡು ಹೋದ.

ಆ ಸಂಜೆ ಪುಸ್ತಕ ತಿರುವಿ ಹಾಕುತ್ತಿದ್ದ ಅಂಬ್ರಪ್ಪನ ಮುಖ ಗಂಭೀರವಾಯಿತು.

"ಎಲ್ಲಾ ಗಂಡಸ್ರೇ ಅದಾರಲ್ಲ! ನನ್ನ ಹೆಂಡ್ತಿ ಊರೂರು ತಿರುಗಿ ಮಲಗಿದ ಗಂಡಸ್ರನ್ನ ನೋಡ್ಕೊಂಡು ಬರ್ತಾಳ ಅಂತ ಮಂದಿಗೆ ಹೆಂಗ ಹೇಳ್ಲಿ?"

"ನನಗ ಹೆಂಗಸ್ರು ಸಿಕ್ಕಿಲ್ರಿ," ಎಂದು ನಗುತ್ತಲೇ ಹೇಳಿದ ಅಕ್ಕೋರು ಹಾಗೇ ನಿಂತರು. ಪುಸ್ತಕ ಕಸಿದುಕೊಂಡು ಎಣಿಸಿದರು. ಮೂವತ್ತೊಂದು ನಿದ್ದೆಗಳಲ್ಲಿ ಒಂದೂ ಹೆಂಗಸಿನದಲ್ಲ.

ಮುಂದಿನ ಒಂದು ವಾರ ಮಧ್ಯಾಹ್ನ ಮಲಗಿದ ಹೆಂಗಸನ್ನು ಹುಡುಕುವುದೇ ಅವರ ಕೆಲಸವಾಯಿತು. ಯಾದಗಿರಿ ಸ್ಟೇಷನ್ನಿನಲ್ಲಿ ಕುಳಿತೇ ತೂಕಡಿಸುತ್ತಿದ್ದ ಒಬ್ಬಳು ಪೆನ್ಸಿಲ್ ತೆಗೆದ ಸಪ್ಪಳಕ್ಕೇ ಎದ್ದು ಸೆರಗು ಎಳೆದುಕೊಂಡಳು. ಸುರಪುರದ ಓಣಿಯ ಕಟ್ಟೆಗಳ ಮೇಲೆ ಗಂಡಸರು ಸಾಲಾಗಿ ಉರುಳಿದ್ದರು; ಒಳಗೆ ಹೆಂಗಸರು ಕಾಳು ಹಸನು ಮಾಡುತ್ತಿದ್ದರು. ಅಕ್ಕೋರು ತಮ್ಮನ್ನೇ ಕೇಳಿಕೊಂಡರು: ನಾನು ಹಗಲು ಮಲಗಿದ್ದು ಯಾವಾಗ? ಹೆರಿಗೆಯಾದಾಗ. ಅದೂ ಅರೆಬರೆ.

ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ತಿಮ್ಮವ್ವ ರಜೆಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಮಣ್ಣು ಹೊರುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಹೊರಟವಳನ್ನು ಅಕ್ಕೋರು ತಮ್ಮ ಮನೆ ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿದರು.

"ಮಲಗಬೇಕಾ? ಬರೇ ಮಲಗೋದಾ?" ತಿಮ್ಮವ್ವ ನಂಬಲಿಲ್ಲ.

"ಬರೇ ಮಲಗೋದು."

ತಿಮ್ಮವ್ವ ಬೀದಿಯ ಎರಡೂ ಕಡೆ ನೋಡಿದಳು. "ಹಂಗಂದ್ರ ಮನ್ಯಾಗ ಬೈತಾರ್ರಿ. ಅಕ್ಕೋರು ಕೆಲಸಕ್ಕ ಕರದಾರ ಅಂತ ಹೇಳಿ ಬರ್ತೀನಿ. ಸುಳ್ಳೇನಲ್ಲಲ್ರಿ?"

"ಖರೇನ ಅದ," ಎಂದರು ಅಕ್ಕೋರು.

ಬಂದವಳು ಪಡಸಾಲೆಯ ತಣ್ಣನೆ ಹಾಸುಬಂಡೆಯ ಮೇಲೆ ಸೆರಗು ಹಾಸಿ ಮಲಗಿದಳು. ಮೊದಲ ಐದು ನಿಮಿಷ ಹೆಣದಂತೆ ಬಿಗಿಯಾಗಿದ್ದಳು. "ಉಸಿರು ಬಿಡಬಹುದಲ್ರಿ?" ಎಂದು ಕೇಳಿದಳು. ಆಮೇಲೆ ಮುಷ್ಟಿ ಸಡಿಲಾಯಿತು, ಕಾಲು ಚಾಚಿದವು. ಎರಡೂಕಾಲು ತಾಸು ಮಲಗಿದಳು. ಅಕ್ಕೋರಿಗೆ ಅವಸರವೇ ಇರಲಿಲ್ಲ. ಅಂಗಾಲಿನ ಬಿರುಕುಗಳಿಗೆ ಬೇರೆಯೇ ಕಂದು ಬಣ್ಣ ಕಲೆಸಿ, ಒಂದೊಂದನ್ನೂ ಬರೆದರು. ಅಂಬ್ರಪ್ಪ ಮೋಟರ್ ಬಂದ್ ಮಾಡಿ ಬಂದು "ಚಾ..." ಎನ್ನುವಷ್ಟರಲ್ಲಿ ಬಾಯಿ ಮೇಲೆ ಬೆರಳಿಟ್ಟು ಅಡುಗೆಮನೆ ತೋರಿಸಿದರು. ಅವನೇ ಹೋಗಿ ಕುದಿಸಿದ. ಸಕ್ಕರೆ ಎರಡು ಸಲ ಬಿದ್ದಿತ್ತು.

ಮರುದಿನ ತಿಮ್ಮವ್ವನ ಜೊತೆ ಇನ್ನಿಬ್ಬರು ಬಂದರು. ಅದರ ಮರುದಿನ ಐವರು. "ಅಕ್ಕೋರ ಮನ್ಯಾಗ ಕೆಲಸ ಅದ" ಎಂದು ಓಣಿಯಲ್ಲೆಲ್ಲ ಸುದ್ದಿ. ಏನು ಕೆಲಸ ಎಂದು ಗಂಡಸರು ಕೇಳಿದರೆ, "ಭಾಳ ತ್ರಾಸಿನ ಕೆಲಸ, ಅಲುಗಾಡಂಗಿಲ್ಲ" ಎನ್ನುತ್ತಿದ್ದರು. ಪಡಸಾಲೆ ತುಂಬಿತು. ಗೊರಕೆಗೆ ಬೆದರಿ ಪಕ್ಕದ ಮನೆಯ ನಾಯಿ ಜಾಗ ಬದಲಿಸಿತು. ಎಪ್ಪತ್ತರ ದೇವಕ್ಕನಿಗೆ ಮಾತ್ರ ಎಷ್ಟು ಮಲಗಿದರೂ ನಿದ್ದೆ ಬರಲಿಲ್ಲ. "ನನಗ ಹಗಲಾಗ ಮಲಗಾಕ ಬರಂಗಿಲ್ಲವ್ವ" ಎಂದು ನಾಚಿಕೆಯಿಂದ ಹೇಳಿ, ಮೂರು ದಿನ ಅಭ್ಯಾಸ ಮಾಡಿ, ನಾಲ್ಕನೆಯ ದಿನ ಸಾಧಿಸಿದಳು.

ರಜೆ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಇಪ್ಪತ್ತಾರು ಹೆಂಗಸರ ನಿದ್ದೆಗಳಿದ್ದವು. ಅಕ್ಕೋರು ಅವರವರ ಚಿತ್ರ ಅವರವರಿಗೆ ಹರಿದು ಕೊಟ್ಟರು. ಶಾಲೆ ಶುರುವಾದ ದಿನ ತಿಮ್ಮವ್ವ ಒಲೆ ಹಚ್ಚುತ್ತ ಹೇಳಿದಳು:

"ಗೋಡಿಗೆ ಹಚ್ಚೀನ್ರಿ ಅಕ್ಕೋರ. ನಮ್ಮ ಮನಿಯವ್ರು ನೋಡಿ, ಈಕಿ ಯಾರು ಅಂದ್ರು."

"ನೀ ಏನಂದಿ?"

"ನಾನೇ ಅಂದ್ರ ನಂಬವಲ್ರು. ಮೂವತ್ತು ವರ್ಷ ಆತು ಮದಿವ್ಯಾಗಿ, ನಾ ಮಲಗಿದ್ದು ನೋಡಿಲ್ಲಲ್ಲ." ತಿಮ್ಮವ್ವ ಊದುಗೊಳವಿ ಬದಿಗಿಟ್ಟು ಕಣ್ಣೊರೆಸಿಕೊಂಡಳು, ಹೊಗೆ ಹೆಚ್ಚಾಗಿತ್ತು. "ಛಲೋ ಅದಾಳ ಅಂದ್ರು ಮತ್ತ. ಯಾರಾರ ಇರ್ಲಿ, ಛಲೋ ಅದಾಳ ಅಂದ್ರು."