ವಾಸಂತಿಯ ಮೂರು ನಿಮಿಷದ ಪಾತ್ರ

ವಾಸಂತಿಯ ವಿಷಯ ಹೇಳಜ್ಜಿ ಅಂತ ವಾರದಿಂದ ಗಂಟುಬಿದ್ದಿದ್ದೀಯಲ್ಲ ಅಪರ್ಣಾ, ಹೇಳುತ್ತೇನೆ, ಬರೆದುಕೋ. ನಡುವೆ ಫೋನು ನೋಡಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.

ಅವಳಿಗೀಗ ಎಪ್ಪತ್ತೆರಡು. ತಿರುವನಂತಪುರದ ಕ್ವಾರ್ಟರ್ಸಿನಲ್ಲಿ ನಮ್ಮದೂ ಅವಳದೂ ಅಕ್ಕಪಕ್ಕದ ಮನೆ. ನಿನ್ನ ತಾತನಿಗೂ ಅವಳ ಗಂಡ ಶ್ರೀಪತಿಗೂ ರಾಕೆಟ್ ಕೇಂದ್ರದಲ್ಲಿ ಕೆಲಸ. ಹಾಗಂತ ಇವರೇ ರಾಕೆಟ್ ಹಾರಿಸುತ್ತಿದ್ದರು ಅಂದುಕೊಳ್ಳಬೇಡ. ನಿನ್ನ ತಾತ ಉಗ್ರಾಣದಲ್ಲಿ ಮೊಳೆ ಎಣಿಸುತ್ತಿದ್ದರು. ಶ್ರೀಪತಿ ಬೆಸುಗೆ ಪರೀಕ್ಷಕರು. ಬೆಸೆದ ತಗಡಿನ ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು, ಎಲ್ಲಿ ಬಿರುಕಿದೆ ಅಂತ ಹುಡುಕುವುದು. ಮೂವತ್ತಾರು ವರ್ಷ ಅದನ್ನೇ ಮಾಡಿದರು. "ನನ್ನ ಕಣ್ಣಿಗೆ ಮಣ್ಣೆರಚಕ್ಕಾಗಲ್ಲ ಸುಬ್ಬಲಕ್ಷ್ಮಿಯವ್ರೇ" ಅಂತ ನನ್ನ ಮುಂದೆ ಎಷ್ಟು ಸಲ ಹೇಳಿದ್ದಾರೋ. ಅವರು ಹಾಗಂದಾಗಲೆಲ್ಲ ಒಳಗೆ ವಾಸಂತಿ ಪಾತ್ರೆ ಕುಕ್ಕುವ ಸದ್ದು ಕೇಳುತ್ತಿತ್ತು.

ಯಾಕೆ ಅಂತ ಎಂಬತ್ತೊಂದನೇ ಇಸವಿಯಲ್ಲಿ ಗೊತ್ತಾಯಿತು. ಹಾಲಿನ ಬೂತಿನ ಸಾಲಿನಲ್ಲಿ ನಿಂತಾಗ ತಾನಾಗಿಯೇ ಹೇಳಿದಳು. ಹತ್ತೊಂಬತ್ತರ ವಯಸ್ಸಿನಲ್ಲಿ, ಮೈಸೂರಿನಲ್ಲಿ, ಸೋದರಮಾವನ ಸ್ನೇಹಿತರೊಬ್ಬರ ಒತ್ತಾಯಕ್ಕೆ ಅವಳು ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ದಳು. ಕಪ್ಪು ಬಿಳುಪು, ಎರಡೂವರೆ ಗಂಟೆ ಬರೀ ಅಳು. ಮುಖದ ಮೇಲೆ ಸುಟ್ಟ ಕಲೆ ಇರುವ ಹುಡುಗಿಯ ಮನೆಯವರು, ಗಂಡಿಗೆ ಪಕ್ಕದ ಮನೆಯ ಚೆಲುವೆಯನ್ನು ತೋರಿಸಿ, ಹಸೆಮಣೆಯಲ್ಲಿ ಕಲೆಯವಳನ್ನು ಕೂರಿಸುತ್ತಾರೆ. ಅಂತರಪಟ ಸರಿದಾಗ ಗಂಡಿನ ಮುಖ ನೋಡಬೇಕಂತೆ. ಆ ಪಕ್ಕದ ಮನೆಯ ಚೆಲುವೆ ನಮ್ಮ ವಾಸಂತಿ. ಒಂದು ಸಲ ಕಾಫಿ ತಟ್ಟೆ ಹಿಡಿದು ಬರುವುದು, ಇನ್ನೊಂದು ಸಲ ಬಾವಿಕಟ್ಟೆಯಲ್ಲಿ ಗೆಳತಿಯರಿಗೆ "ಹೇಗೆ ಯಾಮಾರಿಸಿದೆ ನೋಡ್ರೇ" ಅಂತ ನಗುವುದು. ಎಲ್ಲ ಸೇರಿ ಮೂರು ನಿಮಿಷ.

ಮರುವರ್ಷ ಶ್ರೀಪತಿಯ ಸಂಬಂಧ ಬಂತು. ನಾಟಕ, ಸಿನಿಮಾ ಅಂತ ಮೆಟ್ಟಿಲು ಹತ್ತಿದ ಹೆಣ್ಣು ಬೇಡ ಅಂದರಂತೆ ಅವರಮ್ಮ. ಶೂಟಿಂಗ್ ನಡೆದ ತಿಂಗಳು ಹುಡುಗಿ ನಂಜನಗೂಡಿನಲ್ಲಿ ಚಿಕ್ಕಮ್ಮನ ಬಾಣಂತನಕ್ಕೆ ಹೋಗಿದ್ದಳು ಅಂತ ಸೋದರಮಾವ ಸಲೀಸಾಗಿ ಹೇಳಿಬಿಟ್ಟ. ಮದುವೆ ಆಯಿತು.

"ಈಗಲಾದ್ರೂ ಹೇಳ್ಬಿಡೇ" ಅಂದೆ ಆವತ್ತೇ.

"ಅತ್ತೆ ಇದಾರಲ್ಲ ಸುಬ್ಬೀ, ಮನೆಯಿಂದ ಹೊರಗೆ ಹಾಕ್ತಾರೆ."

ಅತ್ತೆ ಗಟ್ಟಿ ಜೀವ, ಇನ್ನೂ ಇಪ್ಪತ್ತು ವರ್ಷ ಬದುಕಿದರು. ಅವರು ಹೋದ ಮೇಲೆ, ಮಗಳ ಮದುವೆ ಆಗಲಿ ಅಂದಳು. ಅದೂ ಆಯಿತು. ಆಮೇಲೆ ಗಂಡನಿಗೆ ಬಿಪಿ ಅಂತ ಶುರು. ಮದುವೆ ಸುಳ್ಳಿನ ಮೇಲೆ ನಿಂತಿದೆ ಅಂತ ತಿಳಿದರೆ ಈ ವಯಸ್ಸಿನಲ್ಲಿ ಮನಸ್ಸು ಮುರಿದುಕೊಂಡು ದೂರ ಕೂರುತ್ತಾರೆ ಅನ್ನುವ ಹೆದರಿಕೆ ಅವಳಿಗೆ. ನನಗಂತೂ ಹೇಳಿ ಹೇಳಿ ನಾಲಿಗೆ ಸವೆದುಹೋಯಿತು.

ಇನ್ನೊಂದು ಹೇಳಬೇಕು. ನಮ್ಮ ಕನ್ನಡ ಸಂಘದಲ್ಲಿ ವರ್ಷಕ್ಕೊಂದು ಹಳೆಯ ಸಿನಿಮಾ ತೋರಿಸುತ್ತಾರಲ್ಲ, ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ನೀನೇನು ಕಡಿಮೆ, ನಾನು ಊಟಕ್ಕೆ ಕರೆದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ಅದಕ್ಕೇ ಒಬ್ಬರು ಪರದೆ ಪಕ್ಕ ಮೈಕು ಹಿಡಿದು ಕೂತು, ಬೇಕಾದಲ್ಲಿ ಚಿತ್ರ ನಿಲ್ಲಿಸಿ, ಮಲಯಾಳದಲ್ಲಿ ಕಥೆ ಹೇಳುವ ಪದ್ಧತಿ. ಇಪ್ಪತ್ತು ವರ್ಷದಿಂದ ಆ ಮೈಕು ವಾಸಂತಿಯದು. ಯಾವ ಚಿತ್ರ ಅಂತ ಆರಿಸುವವಳೂ ಅವಳೇ. ತಾನು ಪಾತ್ರ ಮಾಡಿದ ಆ ಚಿತ್ರದ ಹೆಸರು ಯಾರಾದರೂ ಎತ್ತಿದರೆ "ಅದರ ಪ್ರಿಂಟು ಸರಿಯಿಲ್ಲ" ಅಂದುಬಿಡುತ್ತಿದ್ದಳು.

ಹೋದ ನವೆಂಬರಿನಲ್ಲಿ ತಿರುವನಂತಪುರದ ಸಂಘ, ನಾನು ನಿಮ್ಮ ಜೊತೆ ಬಂದು ನೆಲೆಸಿದ ಈ ಊರಿನ ಸಂಘ ಎರಡೂ ಸೇರಿ ಇಲ್ಲಿ ಎಡಪ್ಪಳ್ಳಿಯಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದರು. ವಾಸಂತಿ, ಶ್ರೀಪತಿ ಹಿಂದಿನ ದಿನವೇ ರೈಲಿನಲ್ಲಿ ಬಂದು ನಮ್ಮ ಕಾಕ್ಕನಾಡಿನ ಫ್ಲಾಟಿನಲ್ಲೇ ಇಳಿದುಕೊಂಡರು, ನೀನಾಗ ಊರಲ್ಲಿರಲಿಲ್ಲ. ಈ ಸಲದ ಕಾರ್ಯದರ್ಶಿ ತರುಣ್, ನಿನ್ನ ಕಂಪನಿಯವನೇ, ಅವಳನ್ನು ಒಂದು ಮಾತೂ ಕೇಳದೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಚೊಕ್ಕ ಪ್ರತಿಯನ್ನು ಆರಿಸಿ, ಅಂದೇ ಅದರ ಹೆಸರನ್ನು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ. ಅದೇ ಚಿತ್ರ.

ವಾಸಂತಿ ಫೋನು ಹಿಡಿದು ನಿಂತೇ ಇದ್ದಳು. "ನಂಗೆ ಜ್ವರ ಅಂತ ಹೇಳ್ಬಿಡು ಸುಬ್ಬೀ."

"ಹೇಳಲ್ಲ. ನಿನ್ನ ಯಜಮಾನ್ರು ಪಕ್ಕದ ಕೋಣೇಲಿ ಉಗುರು ಕತ್ತರಿಸ್ಕೊಂಡು ಕೂತಿದಾರೆ. ಹೋಗು, ಎರಡು ಮಾತು."

ಹೋದಳು. ಬಾಗಿಲಲ್ಲಿ ನಿಂತಳು. "ಕಾಫಿ ಬೇಕಾ?" ಅಂದು ವಾಪಸು ಬಂದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮರುದಿನ ಹಾಲ್‌ನಲ್ಲಿ ಅರವತ್ತು ಜನ. ನೆಲದ ಮೇಲೆ ಮಕ್ಕಳು, ಮುಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕ ಶ್ರೀಪತಿ. ಕಾಫಿ ತಟ್ಟೆಯ ದೃಶ್ಯ ಬಂತು. ಅಪರ್ಣಾ, ಏನು ರೂಪ ಅಂತೀಯ. ವಾಸಂತಿ ಮೈಕಿನಲ್ಲಿ ಮಲಯಾಳದಲ್ಲಿ ಗಡಿಬಿಡಿಯಾಗಿ, "ಪಕ್ಕದ ಮನೆ ಹುಡುಗಿ, ಮುಖ್ಯ ಅಲ್ಲ, ಮುಂದೆ ನೋಡಿ" ಅಂದಳು. ನಮ್ಮ ಸಂಘದ ಇಬ್ರಾಹಿಂನ ಮಗಳು ಸುಮಯ್ಯಾ, ಒಂಬತ್ತು ವರ್ಷದ್ದು, ಸುಮ್ಮನಿರಬೇಕಲ್ಲ. "ಎಂತೊರು ಭಂಗಿ ಅಮ್ಮೂಮ್ಮೇ" ಅಂತ ಬಾಯಿಬಿಟ್ಟಿತು, ಎಷ್ಟು ಚೆಂದ ಇದಾಳೆ ಅಜ್ಜೀ ಅಂತ.

ಶ್ರೀಪತಿ ನನ್ನ ಕಡೆ ವಾಲಿದರು. ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡರು, ಕಿವಿ ಮಂದವಲ್ಲವೇ, ಇಡೀ ಹಾಲ್‌ಗೆ ಕೇಳಿಸಿತು. "ಏನ್ ಚೆಂದ. ಬಾಯಿ ನೋಡಿ, ಊರಗಲ. ನಾನಾಗಿದ್ರೆ ಕಾಫಿ ಕುಡಿದು ಎದ್ದು ಬರ್ತಿದ್ದೆ."

ವಾಸಂತಿ ತಲೆ ಎತ್ತಿದಳು. ಅಲ್ಲಿಯವರೆಗೆ ಅವಳ ಮುಖದಲ್ಲಿ ಇದ್ದದ್ದು ಹೆದರಿಕೆ. ಐವತ್ತೆರಡು ವರ್ಷ ಎದೆಯಲ್ಲಿ ಕೆಂಡ ಕಟ್ಟಿಕೊಂಡು ಬಂದಿದ್ದಾಳೆ, ಈ ಮನುಷ್ಯನಿಗೆ ಗುರುತೇ ಸಿಗಲಿಲ್ಲ. ಹೆದರಿಕೆ ಇಳಿದು ಅದರ ಜಾಗಕ್ಕೆ ಕೋಪ ಬಂದು ಕೂತದ್ದು ನನಗೆ ಕಂಡಿತು.

ಬಾವಿಕಟ್ಟೆ ಬಂತು. ಪರದೆ ತುಂಬ ಹುಡುಗಿ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ. ವಾಸಂತಿ ಕಥೆ ಹೇಳಲಿಲ್ಲ.

"ನಿಲ್ಸು ತರುಣ್." ಬಾಯ್ತೆರೆದ ನಗು ಅಲ್ಲೇ ನಿಂತಿತು. "ರೀ, ಅದು ಯಾರು?"

"ಯಾರೋ ಎಕ್ಸ್‌ಟ್ರಾ."

"ನಾನು."

ಶ್ರೀಪತಿ ಎದ್ದರು. ಕನ್ನಡಕ ಒರೆಸಿಕೊಂಡು ಪರದೆಯವರೆಗೆ ನಡೆದರು. "ಯಾವಾಗ?"

"ಮದುವೆಗೆ ಹಿಂದಿನ ವರ್ಷ."

"ನಂಜನಗೂಡಿನ ಬಾಣಂತನ?"

"ಹೋಗೇ ಇಲ್ಲ. ಮಾವ ಹೇಳಿದ್ದು ಸುಳ್ಳು. ಗೊತ್ತಿದ್ದೂ ನಾನು ಸುಮ್ಮನಿದ್ದೆ."

ಎಲ್ಲವೂ ಮೈಕಿನಲ್ಲೇ. ಏನು, ಏನು ಅಂತ ಮಕ್ಕಳ ಗಲಾಟೆ. ಇಪ್ಪತ್ತು ವರ್ಷದ ಅಭ್ಯಾಸ ನೋಡು, ವಾಸಂತಿ ಅವರ ಕಡೆ ತಿರುಗಿ, ಈ ತಾತ ಹೀಗೆ ಕೇಳ್ತಿದಾರೆ, ಈ ಅಜ್ಜಿ ಮದುವೆಗೆ ಮುಂಚೆ ಸುಳ್ಳು ಹೇಳಿದ್ದಳು ಅಂತ ಮಲಯಾಳದಲ್ಲಿ ಒಪ್ಪಿಸಿಯೇಬಿಟ್ಟಳು. ಸುಮಯ್ಯಾ ತಾತನನ್ನೂ ಪರದೆಯನ್ನೂ ಸರದಿಯಂತೆ ನೋಡಿತು.

ಶ್ರೀಪತಿ ಇನ್ನೇನು ಹೊರಟೇ ಹೋಗುತ್ತಾರೆ ಅಂದುಕೊಂಡೆ. ಆಮೇಲೆ ಅವರಂದದ್ದು ಇಷ್ಟೇ: "ಸುಳ್ಳು ಹಾಳಾಗ್ಲಿ. ನಮ್ಮಮ್ಮನಿಗೆ ನಿಜ ಹೇಳಿ ಯಾರು ತಾನೇ ಬದುಕಿದಾರೆ. ನೀನು ಹಿಂಗೆ ನಕ್ಕಿದ್ದು ನಾನು ಒಂದು ದಿನಾನೂ ನೋಡಿಲ್ವಲ್ಲೇ. ಹೆಂಗೆ ಗುರುತು ಹಿಡೀಲಿ?"

"ಯಾರಾದ್ರೂ ಗುರುತು ಹಿಡೀತಾರೆ ಅಂತ್ಲೇ ನಗಲಿಲ್ಲ."

ಅದನ್ನು ಅವಳು ಮಕ್ಕಳಿಗೆ ಹೇಳಲಿಲ್ಲ. ಮೈಕು ಕೆಳಗಿಟ್ಟಳು. ಉಳಿದ ಸಿನಿಮಾದಲ್ಲಿ ಕಲೆಯ ಹುಡುಗಿ ಎಷ್ಟು ಅತ್ತಳೋ, ಯಾರೂ ನೋಡಲಿಲ್ಲ.

ಆಟೋದಲ್ಲಿ ಬರುತ್ತಾ ಶ್ರೀಪತಿ ನನ್ನ ಕಡೆ ತಿರುಗಿ "ನಿಮಗೆ ಗೊತ್ತಿತ್ತಾ?" ಅಂದರು. ಎಂಬತ್ತೊಂದರಿಂದ ಅಂದೆ. ಅಷ್ಟೇ. ಹೆಂಡತಿಯನ್ನು ಅರ್ಧ ಗಂಟೆಯಲ್ಲಿ ಕ್ಷಮಿಸಿದ ಮನುಷ್ಯ ಇವತ್ತಿನವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬುದ್ಧಿ ಹೇಳಿದವಳು ನಾನು, ಶಿಕ್ಷೆ ಅನುಭವಿಸಿದವಳೂ ನಾನು.

ಈಗ ತಿರುವನಂತಪುರದಿಂದ ವಾಸಂತಿಯ ಫೋನು ದಿನಾ ಬರುತ್ತದೆ. ಬೆಳಗಿನ ದೋಸೆ ಆದಮೇಲೆ ಶ್ರೀಪತಿ ಟಿವಿಯಲ್ಲಿ ಬಾವಿಕಟ್ಟೆಯ ದೃಶ್ಯ ಹಾಕಿಕೊಂಡು ಕೂರುತ್ತಾರಂತೆ. "ಎಲ್ಲಿ, ಹಂಗೆ ನಗು ನೋಡಣ" ಅಂತಾರಂತೆ. ಹೇಳಿದರೆ ನಗು ಬರುತ್ತದೆಯೇ? ಇವಳಿಗೆ ಬರುವುದಿಲ್ಲ, ಅವರಿಗೆ ಬೇಜಾರು.

ನಿನ್ನೆ ಮಾತ್ರ ಬಂತಂತೆ. ಅವರು ಸ್ಟೂಲು ಎಳೆದುಕೊಂಡು, ಮೂಗು ಟಿವಿಗೆ ತಾಗುವಷ್ಟು ಹತ್ತಿರ ಕೂತಿದ್ದ ಗಂಭೀರ ನೋಡಿ, ಹಿಂದೆ ನಿಂತಿದ್ದ ಇವಳಿಗೆ ತಡೆಯಲಾಗದೆ, ಬಾಯ್ತುಂಬ, ತಲೆ ಚೆಲ್ಲಿ.

"ನೋಡಿದ್ರೇನೇ?" ಅಂದೆ.

"ಎಲ್ಲಿ ನೋಡ್ತಾರೆ ಸುಬ್ಬೀ. 'ಶ್, ಗಲಾಟೆ ಮಾಡ್ಬೇಡ, ನೀನು ನಗೋ ಜಾಗ ಬಂತು' ಅಂದ್ರು."