ಅಶ್ವತ್ಥಕಟ್ಟೆಯ ಹಳೇ ಕ್ಯಾಲೆಂಡರುಗಳು

ಮಡಿಕೇರಿಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದೇವರಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ನಮ್ಮ ಮನೆಯವರು ಗಾಳಿಬೀಡಿನ ದಾರಿಯಲ್ಲಿರುವ ನಮ್ಮೂರ ದೇವಸ್ಥಾನದಲ್ಲಿ ಅರ್ಚಕರು. ಮದುವೆಯಾದ ಹೊಸದರಲ್ಲಿ, ಇಬ್ಬರದೂ ದೇವರ ಸೇವೆಯೇ ಅಂತ ಹೇಳಿಕೊಂಡು ನಗುತ್ತಿದ್ದೆವು. ಈಗ ಆ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ.

ಪ್ರೆಸ್ಸಿಗೆ ದೊಡ್ಡ ಕೆಲಸವೆಂದರೆ ಕ್ಯಾಲೆಂಡರ್. ದಸರಾ ಮುಗಿಯುತ್ತಿದ್ದಂತೆ ಕಾಫಿ, ಕರಿಮೆಣಸಿನ ವ್ಯಾಪಾರಿಗಳು, ಜವಳಿ ಅಂಗಡಿಯವರು, ಚಿನ್ನದಂಗಡಿಯವರು ಬರುತ್ತಾರೆ. ಮೇಲೆ ದೇವರು ಬೇಕು; ಕೆಳಗೆ ಅಂಗಡಿಯ ಹೆಸರು, ಆದಷ್ಟೂ ದೇವರಿಗಿಂತ ದಪ್ಪಗೆ ಬೇಕು. ಮೊದಲೆಲ್ಲ ಬರೀ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಗಳೇ ಬೆವರುತ್ತವೆ, ಜುಲೈ ಬರುವಷ್ಟರಲ್ಲಿ ದೇವರ ಮುಖಕ್ಕೆ ಬೂಷ್ಟು. ಅದಕ್ಕೇ ಲ್ಯಾಮಿನೇಷನ್ ಬಂತು, ಕಾಗದದ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು. ದೇವರು ಫಳಫಳ ಹೊಳೆದ. ಗಿರಾಕಿಗಳಿಗೆ ಖುಷಿಯೋ ಖುಷಿ.

ವರ್ಷ ಮುಗಿದ ಮೇಲೆ ಏನು ಮಾಡುವುದು ಅಂತ ಯಾರೂ ಕೇಳಲಿಲ್ಲ. ದೇವರಿರುವ ಕಾಗದವನ್ನು ಕಸಕ್ಕೆ ಹಾಕಿದರೆ ಪಾಪ ತಾನೇ? ನಮ್ಮ ದೇವಸ್ಥಾನದ ಅಶ್ವತ್ಥಕಟ್ಟೆಯ ಮೇಲೆ ತಂದಿಟ್ಟು, ಕೈಮುಗಿದು, ಸ್ಕೂಟರ್ ಹತ್ತಿ ಹೋಗುತ್ತಾರೆ. ಹಳೇ ಮದುವೆ ಕಾಗದವೂ ಅಲ್ಲಿಗೇ, ಗಾಜೊಡೆದ ಫೋಟೋವೂ ಅಲ್ಲಿಗೇ. ಮಾವನವರ ಕಾಲದಲ್ಲಿ ಅದನ್ನೆಲ್ಲ ಒಟ್ಟುಮಾಡಿ ಹೊಳೆಗೆ ಬಿಡುತ್ತಿದ್ದರಂತೆ, ಕಾಗದ ಕರಗಿ ಹೋಗುತ್ತಿತ್ತಂತೆ. ಲ್ಯಾಮಿನೇಷನ್ ಮಾಡಿದ್ದು ಕರಗುತ್ತದೆಯೇ? ಮಳೆ ಬಿಟ್ಟ ಮೇಲೆ ಕೆಳಗಿನ ಗದ್ದೆಗಳ ಬೇಲಿಯಲ್ಲಿ ಲಕ್ಷ್ಮಿ, ಗಣಪತಿ ಎಲ್ಲ ನೇತಾಡುತ್ತಿದ್ದರು. ಗದ್ದೆಯವರು ಜಗಳಕ್ಕೆ ಬಂದರು, ಪಂಚಾಯಿತಿಯವರು ಹೊಳೆಗೆ ಹಾಕಬೇಡಿ ಅಂದರು. ಆಮೇಲೆ ನಮ್ಮ ಮನೆಯವರು ಪ್ರತಿ ಬೇಸಿಗೆಯಲ್ಲಿ ಒಂದು ದಿನ ನೋಡಿ, ಮಂತ್ರ ಹೇಳಿ, ಅದನ್ನೆಲ್ಲ ಅಗ್ನಿಗೆ ಒಪ್ಪಿಸಲು ಶುರುಮಾಡಿದರು.

ಮೊದಲ ವರ್ಷ ಕೆಮ್ಮು ಬಂದು ಹೋಯಿತು. ಮುಂದಿನ ವರ್ಷ ಬಂದದ್ದು ಹೋಗಲೇ ಇಲ್ಲ. ಬಾವಿಯಿಂದ ಅಭಿಷೇಕದ ನೀರು ತರುವಾಗ ದಾರಿ ಮಧ್ಯೆ ಕೊಡ ಇಳಿಸಿ ನಿಲ್ಲತೊಡಗಿದರು. ಆಸ್ಪತ್ರೆಯಲ್ಲಿ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಬೀಡಿ ಸೇದ್ತೀರಾ ಭಟ್ರೇ?" ಅಂದರು. ಪಾಪ, ಇವರು ನಾಚಿ ನೆಲ ನೋಡಿದರು. ಕ್ಯಾಲೆಂಡರ್ ಸುಡುವ ವಿಷಯ ನಾನೇ ಹೇಳಿದೆ. "ಇನ್ನೊಂದು ಸಲ ಆ ಹೊಗೆ ಕುಡಿದ್ರೆ ನನ್ನ ಹತ್ರ ಬರಬೇಡಿ, ನನ್ನ ಕೈಲಿ ಏನೂ ಆಗಲ್ಲ" ಅಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಡಾಕ್ಟರ ಮಾತನ್ನೇ ಮತ್ತೆ ಮತ್ತೆ ಹೇಳಿದೆ. ಇವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಪ್ರೆಸ್ಸಿನ ಯಜಮಾನರಿಗೆ ಹೇಳಿದೆ: "ಅಣ್ಣ, ಈ ಸಲ ಲ್ಯಾಮಿನೇಷನ್ ಬಿಡೋಣ. ಇಲ್ಲಾಂದ್ರೆ ದೇವರನ್ನಾದ್ರೂ ಬಿಡೋಣ. ಕಾಫಿ ಹೂವಿನ ಫೋಟೋ ಹಾಕೋಣ."

"ಕಾಫಿ ಹೂ ತೋಟದಲ್ಲೇ ಇದೆಯಲ್ಲಕ್ಕ, ಅದನ್ನ ಗೋಡೆಗೆ ಯಾರು ನೇತು ಹಾಕ್ತಾರೆ? ಗಿರಾಕಿ ಸೀದಾ ಮೈಸೂರಿಗೆ ಹೋಗ್ತಾನೆ. ಆಮೇಲೆ ನೀವೂ ನಾನೂ ನೊಣ ಹೊಡೀತಾ ಕೂರ್ಬೇಕು."

ಆದರೂ ಒಳ್ಳೆಯ ಮನುಷ್ಯ, ಒಬ್ಬ ಕಾಫಿ ವ್ಯಾಪಾರಿಯನ್ನು ಒಪ್ಪಿಸಿ ಬರೀ ಕಾಗದದಲ್ಲಿ ಮಾಡಿಸಿಕೊಟ್ಟರು. ಮಳೆಗಾಲದಲ್ಲಿ ಆ ವ್ಯಾಪಾರಿ ಕಪ್ಪುಕಪ್ಪಾದ ಸರಸ್ವತಿಯನ್ನು ಹಿಡಿದುಕೊಂಡು ಬಂದು ನನ್ನ ಟೇಬಲ್ಲಿನ ಮೇಲೆ ಹಾಕಿದರು. "ನನ್ನ ಮರ್ಯಾದೆ ಹೋಯ್ತಲ್ಲಮ್ಮ" ಅಂದರು. ಮುಂದಿನ ವರ್ಷದ ಕೆಲಸ ಮೈಸೂರಿಗೆ ಹೋಯಿತು.

ನಾನೂ ಹಟಮಾರಿಯೇ. ಒಂದು ಭಾನುವಾರ ಕಟ್ಟೆಯಿಂದ ಒಂದಷ್ಟು ಕ್ಯಾಲೆಂಡರ್ ತಂದು ಬಕೆಟ್ಟಿನಲ್ಲಿ ನೆನೆಹಾಕಿದೆ. ಪ್ಲಾಸ್ಟಿಕ್ ಬೇರೆ ಮಾಡಿ ಕಸದ ಗಾಡಿಗೆ ಕೊಟ್ಟು, ಕಾಗದವನ್ನು ಮಾತ್ರ ಸುಟ್ಟರೆ ಆಯಿತಲ್ಲ ಅಂತ ನನ್ನ ಲೆಕ್ಕ. ನೆನೆದ ಕಾಗದ ಮುದ್ದೆಮುದ್ದೆಯಾಗಿ ಬಿಟ್ಟುಕೊಂಡಿತು. ಆದರೆ ಶಾಯಿಯೆಲ್ಲ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತ್ತು. ಕಣ್ಣು, ಕಿರೀಟ, ನಾನೇ ಹಚ್ಚಿದ ಕೆಂಪು, ಎಲ್ಲ ಹಾಗೇ ಇತ್ತು. ಬೆಳಕಿಗೆ ಹಿಡಿದರೆ ದೇವರು ನನ್ನನ್ನೇ ನೋಡುತ್ತಿದ್ದ. ಇವರು ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, "ಇದನ್ನ ಕಸದ ಗಾಡಿಗೆ ಕೊಡ್ತೀಯಾ?" ಅಂತ ಕೇಳಿದರು. ಅವರೇ ಅದನ್ನು ಒರೆಸಿ, ಮತ್ತೆ ಕಟ್ಟೆಗೆ ತೆಗೆದುಕೊಂಡು ಹೋದರು.

ಈ ವರ್ಷ ಸುಡುವುದೇ ಬೇಡ ಅಂತ ಕೇಳಿಕೊಂಡೆ. "ಜನ ನಂಬಿ ಇಟ್ಟು ಹೋಗಿದ್ದಾರೆ ಮಾರಾಯ್ತಿ. ನಾಯಿ ಎಳೆದಾಡ್ತಾ ಇದೆ. ನೋಡ್ಕೊಂಡು ಕೂತಿರ್ಲಾ?" ಅಂದರು. ಮತ್ತೆ ಆ ಸುದ್ದಿ ಎತ್ತಲಿಲ್ಲ, ಬಿಟ್ಟರೇನೋ ಅಂದುಕೊಂಡೆ.

ಕಳೆದ ತಿಂಗಳು ಕೆಲಸ ಮುಗಿಸಿ ಬಸ್ಸಿಳಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಓಡಿದೆ. ಕಟ್ಟೆಯ ಹಿಂದೆ ಕಪ್ಪು ಹೊಗೆ. ಊರಿನವರು ಕರವಸ್ತ್ರ, ಸೆರಗು ಮೂಗಿಗೆ ಹಿಡಿದು ದೂರ ನಿಂತಿದ್ದಾರೆ. ಇವರು ಮಡಿಯುಟ್ಟು ಬೆಂಕಿಯ ಮುಂದೆ. ಮಂತ್ರ ಹೇಳುವವರು ಬಾಯಿ ಮುಚ್ಚಿಕೊಳ್ಳುವುದು ಹೇಗೆ? ಒಂದು ಸಾಲು ಹೇಳುವುದು, ಕೆಮ್ಮುವುದು, ಬಿಟ್ಟಲ್ಲಿಂದ ಮತ್ತೆ ಹೇಳುವುದು.

ನಾನು ಬೆಳಗ್ಗೆಯಿಂದ ಪ್ರೆಸ್ಸಿನಲ್ಲೂ ಬಸ್ಸಿನಲ್ಲೂ ಉಟ್ಟಿದ್ದ ಮೈಲಿಗೆ ಬಟ್ಟೆಯಲ್ಲಿದ್ದೆ. ಸೀದಾ ಹೋಗಿ ಅವರ ಕೈ ಹಿಡಿದೆ.

ಮಂತ್ರ ನಿಂತಿತು. ನಿಲ್ಲಿಸಲೇಬೇಕಲ್ಲ, ಮಡಿ ಕೆಟ್ಟಿತು. ಹಿಂದಿನಿಂದ ಒಬ್ಬ ಅಜ್ಜಿ, "ಏನಮ್ಮಾ, ಅರ್ಚಕರ ಹೆಂಡತಿಯಾಗಿ ಇಷ್ಟೂ ಗೊತ್ತಾಗಲ್ವಾ?" ಅಂದರು.

"ಗೊತ್ತಿದ್ದೇ ಮುಟ್ಟಿದ್ದು ಅಜ್ಜಿ" ಅಂದೆ.

ಇವರು ನನ್ನ ಮುಖ ನೋಡಲಿಲ್ಲ. ಮನೆಗೆ ನಡೆದರು, ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಮತ್ತೆ ಹೊರಟರು. ನಾನು ಅಂಗಳದ ಗೇಟಿನಲ್ಲಿ ನಿಂತಿದ್ದೆ.

"ದಾರಿ ಬಿಡು, ಅರ್ಧಕ್ಕೆ ನಿಲ್ಲಿಸಬಾರದು."

"ಹೋಗಿ. ನೀವು ಎಷ್ಟು ಸಲ ಸ್ನಾನ ಮಾಡಿ ಬಂದ್ರೂ ನಾನು ಅಷ್ಟು ಸಲ ಮುಟ್ತೀನಿ."

ಉತ್ತರ ಕೊಡಲು ಬಾಯಿ ತೆರೆದರು, ಕೆಮ್ಮು ಒತ್ತರಿಸಿಕೊಂಡು ಬಂತು. ಜಗಲಿಯ ಮೇಲೆ ಕುಸಿದು ಕೂತು, ಮೊಣಕಾಲಿಗೆ ಹಣೆ ಒತ್ತಿ ಕೆಮ್ಮಿದರು. ಓಡಿ ಹೋಗಿ ಬೆನ್ನು ಸವರಬೇಕು ಅಂತ ನನ್ನ ಜೀವ ಹೊಡೆದುಕೊಂಡಿತು. ಆದರೆ ಅವರು ಮಡಿಯಲ್ಲಿದ್ದರು, ಎದ್ದು ಹೋಗುವ ಆಸೆ ಇನ್ನೂ ಬಿಟ್ಟಿರಲಿಲ್ಲ; ಈಗ ಮುಟ್ಟಿದರೆ ಆ ಕೆಮ್ಮಿನಲ್ಲೇ ಮತ್ತೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಗೇಟು ಹಿಡಿದುಕೊಂಡು, ಅಲ್ಲೇ ನಿಂತಿದ್ದೆ.