ಒಲೆ ಹಚ್ಚದ ಓಣಿಯ ಚಹಾ

ಕೌಜಲಗಿಯ ಮಾಳಪ್ಪನ ಮಗ ಬೀರಸಿದ್ದಪ್ಪ ಮುಂದೆ ಹುಕ್ಕೇರಿ ಕಡೆ ಅಣೆಕಟ್ಟಿನ ಕೆಲಸದಲ್ಲಿ ಇಂಜಿನಿಯರನಾದ. ತಲೆಗೆ ಟೋಪಿ, ಕೈಗೆ ಗಡಿಯಾರ ಎಲ್ಲ ಬಂದವು. ಆದರೂ ಊರವರ ಬಾಯಲ್ಲಿ ಅವನು ಕೊನೆಯತನಕ ‘ಸುಣ್ಣದ ಸಾಹೇಬ’ನೇ. ಆ ಹೆಸರು ಗೋಡೆ ಕಟ್ಟಿದ್ದಕ್ಕೆ ಬಂದದ್ದಲ್ಲ, ಚಹಾ ಮಾಡಿದ್ದಕ್ಕೆ ಬಂದದ್ದು. ಅದೂ ಓಣಿಯಲ್ಲಿ ಹೆಣ ಇದ್ದ ಹೊತ್ತಿನಲ್ಲಿ.

ಐವತ್ತೆಂಟನೇ ಇಸವಿಯ ಮಾತು. ಬೀರಸಿದ್ದಪ್ಪ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದಿ, ಉಳಿದ ವಿಷಯಗಳನ್ನೆಲ್ಲ ದಾಟಿ, ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿ ಊರಿಗೆ ಬಂದಿದ್ದ. ಶಾಸ್ತ್ರದ ತಪ್ಪೇನಿಲ್ಲ. ಮಗ್ಗಿ ಉರು ಹೊಡೆದ ಹಾಗೆ ಅವನು ಇಂಗ್ಲಿಷ್ ಪುಸ್ತಕವನ್ನೂ ಉರು ಹೊಡೆದಿದ್ದ. ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ ಎಂಬ ಮಾತನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದ. ಆದರೆ ಮೌಖಿಕ ಪರೀಕ್ಷೆಯಲ್ಲಿ ಮುದಿ ಪರೀಕ್ಷಕರು ಪುಸ್ತಕ ಬಿಟ್ಟು ಕೇಳಿದರು: ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದಲ್ಲ, ಆ ಶಾಖ ಎಲ್ಲಿಂದ ಬಂತು? ಬೀರಸಿದ್ದಪ್ಪ ಕಿಟಕಿ ನೋಡಿದ. ತನ್ನ ಚಪ್ಪಲಿ ನೋಡಿದ. ಒಳಗಿನಿಂದ ಬಂತು ಎಂದ. ಯಾವುದರ ಒಳಗಿನಿಂದ ಎಂದು ಕೇಳಿದಾಗ ಮತ್ತೆ ಕಿಟಕಿ ನೋಡಿದ.

ಮಾಳಪ್ಪನಿಗೆ ಇಷ್ಟೆಲ್ಲ ವಿವರ ಬೇಕಿರಲಿಲ್ಲ, ಮಗ ನಪಾಸಾದದ್ದಷ್ಟು ಗೊತ್ತಾಗಿದ್ದೇ ಸಾಕಿತ್ತು. ಮೂಡಲಗಿಯಲ್ಲಿ ಮಾವ ಲಗಮಪ್ಪನ ಹಿಟ್ಟಿನ ಗಿರಣಿಗೆ ಒಬ್ಬ ಆಳು ಬೇಕಾಗಿದ್ದ. ಅಕ್ಟೋಬರದಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕೂಡುತ್ತೇನೆಂದು ಮಗ ಗೋಗರೆದಾಗ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ: “ಒಂದ ವರ್ಷ ಕಲತಿ. ಅದರಾಗ ಉಪಯೋಗಕ್ಕ ಬರೂದು ಒಂದಾರ ತೋರ್ಸು. ಇಲ್ಲಂದ್ರ ಸೋಮವಾರ ಗಿರಣಿಗೆ ನಡಿ.”

ತೋರಿಸಲು ಏನಿತ್ತು? ಬೀರಸಿದ್ದಪ್ಪನಿಗೆ ರಾತ್ರಿಯೆಲ್ಲ ಗಿರಣಿಯ ಸದ್ದೇ ಕೇಳಿಸಿತು. ಅಷ್ಟರಲ್ಲಿ ಶನಿವಾರ ನಸುಕಿಗೆ ಬಾಜೂ ಮನೆಯ ಅಲ್ಲಪ್ಪ ಮುತ್ಯಾ ತೀರಿಕೊಂಡ. ಮಗ ಪುಣೆಯಲ್ಲಿದ್ದ. ತಂತಿ ಹೋಯಿತು. ಅವನು ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಇಳಿದು ಊರು ಮುಟ್ಟಬೇಕಾದರೆ ರಾತ್ರಿಯೇ ಆಗಬೇಕು. ಹೆಣ ಏಳುವವರೆಗೆ ಓಣಿಯಲ್ಲಿ ಯಾರೂ ಒಲೆ ಹಚ್ಚುವ ಹಾಗಿಲ್ಲ.

ಈ ಕಟ್ಟಳೆಯನ್ನು ಕಾಯುವವಳು ಬೀರಸಿದ್ದಪ್ಪನ ಅಜ್ಜಿ ಮುದಕವ್ವ. ಯಾರ ಮನೆಯಿಂದಾದರೂ ಹೊಗೆ ಎದ್ದರೆ ಅವಳ ಕೋಲು ಹೊಗೆಗಿಂತ ಮೊದಲು ಅಲ್ಲಿರುತ್ತಿತ್ತು. ಹಸಿವಿಗೆ ತಂಗಳ ರೊಟ್ಟಿ ಇತ್ತು. ಚಹಾಕ್ಕೆ ಏನು ಮಾಡಬೇಕು? ಮಧ್ಯಾಹ್ನದ ಹೊತ್ತಿಗೆ ಅಳುವವರ ದನಿ ಸೋತಿತು, ಕಟ್ಟೆಯ ಮೇಲೆ ಕೂತ ಗಂಡಸರು ಸತ್ತವನ ಗುಣ ಬಿಟ್ಟು ಒಬ್ಬರ ಮೇಲೊಬ್ಬರು ಸಿಡುಕತೊಡಗಿದರು. ಊರಿಗೇ ಹೆಸರಾದ ಚಹಾದ ಚಟದವಳು ಮುದಕವ್ವ. ತಲೆ ಸಿಡಿದು ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಕಟ್ಟಳೆ ಮಾತ್ರ ಸಡಿಲಿಸಲಿಲ್ಲ.

ಬೀರಸಿದ್ದಪ್ಪನ ಕಣ್ಣು ಹಿತ್ತಲಲ್ಲಿದ್ದ ಸುಟ್ಟ ಸುಣ್ಣದ ಹರಳಿನ ಮೇಲೆ ಬಿತ್ತು. ಪಂಚಮಿಗೆ ಗೋಡೆ ಬಳಿಯಲೆಂದು ಮಾಳಪ್ಪ ತಂದಿಟ್ಟದ್ದು. ಹುಡುಗ ಕಬ್ಬಿಣದ ಕೊಪ್ಪರಿಗೆಯಲ್ಲಿ ಒಂದಿಷ್ಟು ಹರಳು ಹಾಕಿ, ಹಾಲು, ಸಕ್ಕರೆ, ಚಹಾಪುಡಿ ಬಿದ್ದ ಹಿತ್ತಾಳೆ ಪಾತ್ರೆಗೆ ಮುಚ್ಚಳ ಬಿಗಿದು ನಡುವೆ ಕೂರಿಸಿ, ಹರಳಿನ ಮೇಲೆ ಧಾರಾಳವಾಗಿ ಕೊಡಗಟ್ಟಲೆ ನೀರು ಸುರಿದ. ಸುಣ್ಣ ಒಂದಿಷ್ಟು ಗುಳುಗುಳು ಎಂದು ಸುಮ್ಮನಾಯಿತು. ಚಹಾ ಎಳೆಗೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಾಯಿತು, ಅಷ್ಟೇ.

ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವನು ಜೀವಮಾನದಲ್ಲಿ ಮೊದಲ ಸಲ ಯೋಚಿಸಿದ. ಸುಣ್ಣ ತನ್ನ ಪಾಲಿನ ಶಾಖವನ್ನು ಕೊಟ್ಟೇ ಕೊಟ್ಟಿತು, ಹಂಚಿಕೊಳ್ಳಲು ನೀರೇ ಹೆಚ್ಚಾಯಿತು. ನಾಲ್ಕು ರೊಟ್ಟಿಗೆ ನಲವತ್ತು ಮಂದಿ ಕೂತರೆ ಯಾರ ಹೊಟ್ಟೆ ತುಂಬೀತು? ಎರಡನೇ ಸಲ ಹರಳು ಹೆಚ್ಚು, ನೀರು ಕಡಿಮೆ ಹಾಕಿದ. ಕೊಪ್ಪರಿಗೆ ಬುಸುಗುಟ್ಟಿತು, ಸುಣ್ಣ ಸಿಡಿದು ಅವನ ಅಂಗಿಯೆಲ್ಲ ಬೆಳ್ಳಗಾಯಿತು, ಹಿತ್ತಲ ಗೋಡೆಯ ಮೇಲೆ ಹಬೆ ಎದ್ದಿತು.

ಹಬೆಯ ಹಿಂದೆಯೇ ಕೋಲು ಬಂತು.

“ಒಲಿ ಹಚ್ಚಿಯೇನೋ?”

“ಇಲ್ಲ ಆಯಿ. ಬೆಂಕಿನ ಇಲ್ಲ.”

ಮುದಕವ್ವ ಬಗ್ಗಿ ನೋಡಿದಳು. ಕೆಂಡ ಹುಡುಕಿದಳು, ಬೂದಿ ಹುಡುಕಿದಳು. ಮುಚ್ಚಳದ ಸಂದಿನಿಂದ ಚಹಾದ ವಾಸನೆ ಮೂಗಿಗೆ ಬಡಿದಾಗ ಅವಳೊಳಗೆ ಕಟ್ಟಳೆಗೂ ತಲೆನೋವಿಗೂ ಜಗಳ ಹತ್ತಿತು. ಸದ್ಯಕ್ಕೆ ಕಟ್ಟಳೆಯೇ ಗೆದ್ದಿತು.

“ಬೆಂಕಿ ಇಲ್ಲದ ಬಿಸಿ ಎಲ್ಲಿಂದ ಬಂತು?”

ಹುಬ್ಬಳ್ಳಿಯಲ್ಲಿ ಕೇಳಿದ್ದ ಅದೇ ಪ್ರಶ್ನೆ! ಇಲ್ಲಿ ನೋಡಲು ಕಿಟಕಿ ಇರಲಿಲ್ಲ, ಎದುರಿಗೆ ಕೋಲಿತ್ತು. ಬಾಯಿಗೆ ಬಂದ ಮಾತು ಪುಸ್ತಕದ್ದಾಗಿರಲಿಲ್ಲ.

“ಭಟ್ಟ್ಯಾಗ ಕಲ್ಲು ಸುಟ್ಟು ಸುಣ್ಣ ಮಾಡ್ತಾರಲ್ಲ ಆಯಿ, ಆವಾಗ ಕಟಗಿ ಬೆಂಕಿ ಬಿಸಿ ಅದು ನುಂಗಿರ್ತೈತಿ. ಆ ಬಿಸಿ ಎಲ್ಲೂ ಹೋಗಿರೂದಿಲ್ಲ. ನೀರು ಬಿದ್ದಕೂಡ್ಲೆ ತಿರುಗಿ ಕೊಡತೈತಿ.”

ಹೇಳಿ ಮುಗಿಸಿ ತಾನೇ ಬೆರಗಾದ. ಹುಟ್ಟುವುದಿಲ್ಲ, ಸಾಯುವುದಿಲ್ಲ ಅಂದರೆ ಇದೇ ಏನು?

“ಅಂದ್ರ ಬೆಂಕಿ ಹಚ್ಚಿದ್ದು ಭಟ್ಟ್ಯಾಗ,” ಎಂದಳು ಮುದಕವ್ವ. “ಭಟ್ಟಿ ಎಲ್ಲೈತಿ?”

“ಯಮಕನಮರಡ್ಯಾಗ.”

ಮುದುಕಿ ಹಣೆಯ ಬಟ್ಟೆ ಬಿಚ್ಚಿದಳು. “ಯಮಕನಮರಡಿ ನಮ್ಮ ಓಣ್ಯಾಗ ಬರೂದಿಲ್ಲ. ದೊಡ್ಡ ಪಾತ್ರಿ ತಾ.”

ಚಹಾ ಕಟ್ಟೆಗೆ ಹೋಯಿತು. ಶಾಸ್ತ್ರ ಬಲ್ಲ ಉದ್ದಪ್ಪ, ಭಟ್ಟಿ ಹಚ್ಚಿದ ದಿನ ಯಮಕನಮರಡಿಯಲ್ಲೂ ಯಾರಾದರೂ ಸತ್ತಿದ್ದರೆ ಹೇಗೆ ಎಂದು ತಕರಾರು ತೆಗೆದ. ಅದನ್ನು ಅಲ್ಲಿಯ ಮುದುಕಿಯರು ನೋಡಿಕೊಂಡಿರುತ್ತಾರೆ, ನಿನಗೆ ಬೇಡವಾದರೆ ಬಿಡು ಎಂದಳು ಮುದಕವ್ವ. ಎಲ್ಲರಿಗಿಂತ ಮೊದಲು ಬಟ್ಟಲು ಚಾಚಿದವನು ಉದ್ದಪ್ಪನೇ. ನಸುಕಿನಿಂದ ಹನಿ ನೀರೂ ಮುಟ್ಟದೆ ಗಂಡನ ತಲೆಯ ಬಳಿ ಕೂತಿದ್ದ ಕಾಡವ್ವನಿಗೆ ಬೀರಸಿದ್ದಪ್ಪ ತಾನೇ ಒಯ್ದು ಕೊಟ್ಟ. ಒಂದು ಗುಟುಕು ಕುಡಿದು, ನಮ್ಮ ಮನೆಯವರು ಇದ್ದಿದ್ದರೆ ಇನ್ನೊಂದು ಬಟ್ಟಲು ಕೇಳುತ್ತಿದ್ದರು ಎಂದು ಆಕೆ ಅತ್ತಳು. ಹುಡುಗನಿಗೂ ಕಣ್ಣು ತುಂಬಿತು.

ಮಾಳಪ್ಪ ಮಾತ್ರ ಮೂಲೆಯಲ್ಲಿ ಕೂತು ಸೊರ್ ಎಂದು ಕುಡಿದ, ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಪಂಚಮಿಯ ಸುಣ್ಣವೆಲ್ಲ ಕೊಪ್ಪರಿಗೆ ಸೇರಿದ್ದನ್ನೂ ನೋಡಿದ. “ಒಂದ ವರ್ಷ ಕಲತಿದ್ದಕ್ಕ ಚಹಾ ಮಾಡಾಕ ಬಂತು,” ಎಂದ. “ಪೂರಾ ಕಲತು ಬಂದ್ರ ಅಡಗಿನೂ ಮಾಡ್ಯಾನು. ಹೋಗ್ಲಿ ಬಿಡ್ರಿ ಹುಬ್ಬಳ್ಳಿಗೆ.”

ಸೋಮವಾರ ಮೂಡಲಗಿಯ ಗಿರಣಿಗೆ ಬೇರೆ ಆಳು ಹೋದ.

ಅಕ್ಟೋಬರದಲ್ಲಿ ಅದೇ ಕೋಣೆ, ಅದೇ ಮುದಿ ಪರೀಕ್ಷಕರು. ಅವರೂ ಹುಡುಗನ ಗುರುತು ಮರೆತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ, ಸುಣ್ಣಕ್ಕೆ ನೀರು ಹಾಕಿದಾಗ ಬರುವ ಶಾಖ ಎಲ್ಲಿಂದ ಬರುತ್ತದೆ, ಈಗಲಾದರೂ ಗೊತ್ತೇ ಎಂದು ಕೇಳಿದರು.

ಬೀರಸಿದ್ದಪ್ಪ ಈ ಸಲ ಕಿಟಕಿ ನೋಡಲಿಲ್ಲ.

“ಯಮಕನಮರಡಿಯಿಂದ್ರಿ ಸರ್,” ಎಂದ.